ಐದು ನಿಮಿಷದಲ್ಲಿ ಏಳು ಕಾಂಡ

ಮಾನ್ಯರೇ,

ಮೊನ್ನೆ ವಾಲ್ಮೀಕಿ ಜಯಂತಿ ‘ಅದ್ದೂರಿಯಾಗಿ’ ನಡೆಯಿತು ಎಂದು ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದಿದೆ. ನಾನೂ ಅಲ್ಲೇ ಇದ್ದೆ. ಆ ಅದ್ದೂರಿ ಎಲ್ಲಿತ್ತು ಅಂತ ನಿಮ್ಮ ವರದಿಗಾರರು ತೋರಿಸಿದರೆ ಹೋಗಿ ನೋಡಿ ಬರುತ್ತೇನೆ. ಫೋಟೋದಲ್ಲಿ ಬರೀ ವೇದಿಕೆ ಇದೆ. ಕ್ಯಾಮೆರಾ ಸ್ವಲ್ಪ ಈ ಕಡೆ ತಿರುಗಿದ್ದರೆ ಬಿಸಿಲಲ್ಲಿ ಕೂತ ಮಕ್ಕಳು ಕಾಣುತ್ತಿದ್ದರು.

ಆಮಂತ್ರಣ ಪತ್ರಿಕೆಯಲ್ಲಿ ಮೆರವಣಿಗೆ ಬೆಳಿಗ್ಗೆ 9ಕ್ಕೆ, ಸಭೆ 11ಕ್ಕೆ ಎಂದಿತ್ತು. ಮಕ್ಕಳನ್ನು ಎಂಟಕ್ಕೇ ತಂದು ಬಿಡಿ ಅಂತ ಫೋನು ಬೇರೆ. ನನ್ನ ಮೊಮ್ಮಗನಿಗೆ ವಾಲ್ಮೀಕಿ ವೇಷ. ಹತ್ತಿಯ ಗಡ್ಡ, ಜಟೆ, ಕಾವಿ, ಕೈಯಲ್ಲಿ ರಟ್ಟಿನ ತಾಳೆಗರಿ. ಬೆಟಗೇರಿಯಿಂದ ಆಟೋ ಹಿಡಿದರೆ, ರಸ್ತೆ ಬಂದ್ ಮಾಡಿದ್ದಾರೆ ಅಂತ ಆಟೋದವನು ಅರ್ಧ ದಾರಿಯಲ್ಲೇ ಇಳಿಸಿದ. ಮೆರವಣಿಗೆ ಇನ್ನೂ ಹೊರಟೇ ಇರಲಿಲ್ಲ. ರಸ್ತೆ ಬಂದ್ ಮಾಡುವ ಕೆಲಸ ಒಂದು ಮಾತ್ರ ಟೈಮಿಗೆ ಸರಿಯಾಗಿ ಆಗಿತ್ತು. ಮಂಡಿನೋವಿನ ನಾನು, ಕಾವಿ ತುಳಿದು ಮುಗ್ಗರಿಸುವ ಅವನು, ನಡೆದೇ ಹೋದೆವು.

ಗಣ್ಯರು ಬಂದದ್ದು ಮಧ್ಯಾಹ್ನ ಒಂದೂವರೆಗೆ. ಅಲ್ಲಿತನಕ ಶಾಮಿಯಾನ ವೇದಿಕೆಗೂ ಮುಂದಿನ ಸೋಫಾಗಳಿಗೂ ಮಾತ್ರ. ವೇಷ ಹಾಕಿದ ಮಕ್ಕಳನ್ನು ಮಾತ್ರ ಬಯಲಲ್ಲಿ ಕೂರಿಸಿದ್ದರು. ‘ಅಜ್ಜಾ, ಗಡ್ಡ ಭಾಳ ಕಡೀತೈತಿ, ತೆಗೀಲೇನು?’ ಅಂತ ಹುಡುಗ ಕೇಳಿದರೆ, ಪಕ್ಕದಲ್ಲಿದ್ದ ಮೇಡಂ, ಸಾಹೇಬರು ಬಂದು ಫೋಟೋ ತೆಗೆಸಿಕೊಳ್ಳುವ ತನಕ ತೆಗೆಯಬಾರದು ಅಂದರು. ಸಾಹೇಬರು ಬಂದರು, ಮಹರ್ಷಿಗಳ ಭಾವಚಿತ್ರಕ್ಕೆ ಹೂವು ಹಾಕಿದರು, ಮಕ್ಕಳ ಕಡೆ ತಿರುಗಿಯೂ ನೋಡಲಿಲ್ಲ.

ಅವತ್ತು ಶೀಗಿ ಹುಣ್ಣಿಮೆ ಎಂಬುದು ಇವರಿಗೆ ನೆನಪಿದೆಯೋ ಇಲ್ಲವೋ. ನಮ್ಮ ಮನೆಯವರೆಲ್ಲ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಹಾಕಲು, ಹೊಲಕ್ಕೆ ಹೋಗಿದ್ದರು. ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು ಎಲ್ಲ ಬಿಟ್ಟು ನಾನು ಇಲ್ಲಿ ಬಂದು ಕೂತಿದ್ದೆ. ಉಪ್ಪಿಟ್ಟು ಇತ್ತಂತೆ. ಸೋಫಾದ ಸಾಲು ದಾಟಿ ಅದು ಹಿಂದಕ್ಕೆ ಬರಲಿಲ್ಲ.

ಫ್ಲೆಕ್ಸ್ ಬಗ್ಗೆ ಹೇಳಲೇಬೇಕು. ಮಹರ್ಷಿಗಳು ಒಂದು ಮೂಲೆಯಲ್ಲಿ. ಅವರು ಬರೆಯುತ್ತಿರುವ ತಾಳೆಗರಿಯ ಮೇಲೆ ಸರಿಯಾಗಿ ಒಬ್ಬ ಮುಖಂಡರ ತಲೆ ಬಂದು ಕೂತಿತ್ತು. ಇನ್ನು ರಾಮಾಯಣ ಎಲ್ಲಿ ಬರೆಯಬೇಕು ಅವರು?

ನನಗೆ ನಿಜವಾಗಿ ಸಿಟ್ಟು ಬಂದದ್ದು ಉಪನ್ಯಾಸದ ಹೊತ್ತಿಗೆ. ಸ್ವಾಗತಕ್ಕೆ, ಶಾಲು ಹಾರಕ್ಕೆ, ವೇದಿಕೆಯಲ್ಲಿದ್ದ ಎಲ್ಲರ ಹೆಸರು ಹೇಳುವುದಕ್ಕೆ ಒಂದು ಗಂಟೆ ಹೋಯಿತು. ಉಪನ್ಯಾಸಕರಿಗೆ ಐದು ನಿಮಿಷ. ಏಳು ಕಾಂಡ, 24,000 ಶ್ಲೋಕ ಬರೆದವರ ಬಗ್ಗೆ ಐದು ನಿಮಿಷ! ಆ ಮನುಷ್ಯ ಪಾಪ ಚೆನ್ನಾಗಿಯೇ ಶುರು ಮಾಡಿದ್ದರು. ವಾಲ್ಮೀಕಿಗಳು ಶಿಷ್ಯ ಭರದ್ವಾಜನ ಜೊತೆ ತಮಸಾ ನದಿಗೆ ಸ್ನಾನಕ್ಕೆ ಹೋಗುತ್ತಾರೆ. ನೋಡಪ್ಪ, ಕೆಸರೇ ಇಲ್ಲ, ಒಳ್ಳೆಯ ಮನುಷ್ಯನ ಮನಸ್ಸಿನ ಹಾಗೆ ನೀರು ತಿಳಿಯಾಗಿದೆ ಅನ್ನುತ್ತಾರೆ. ಬೇಡನ ಬಾಣಕ್ಕೆ ಕ್ರೌಂಚ ಪಕ್ಷಿ ಬಿದ್ದು ‘ಮಾ ನಿಷಾದ’ ಶ್ಲೋಕ ಹುಟ್ಟುವುದು ಆಮೇಲೆ. ಬಾಣ ಬಿಡುವ ಮೊದಲೇ ಉಪನ್ಯಾಸಕರ ಕೈಗೆ ಚೀಟಿ ಬಂತು. ಅವರು ಕೂತರು, ಹಕ್ಕಿ ಬದುಕಿಕೊಂಡಿತು.

ಆಮೇಲೆ ಮೈಕು ಹಿಡಿದ ಮುಖಂಡರು ಮಹರ್ಷಿಗಳು ಮೊದಲು ದರೋಡೆಕೋರರಾಗಿದ್ದರು ಎಂಬ ಅದೇ ಹಳೇ ಕಥೆ ಹೇಳಿ ಚಪ್ಪಾಳೆ ಹೊಡೆಸಿಕೊಂಡರು. ಆ ಕಥೆ ವಾಲ್ಮೀಕಿ ರಾಮಾಯಣದಲ್ಲಿ ಇಲ್ಲ. ನಾನು ಪ್ರಚೇತಸನ ಹತ್ತನೇ ಮಗ ಎಂದು ಮಹರ್ಷಿಗಳೇ ಉತ್ತರಕಾಂಡದಲ್ಲಿ ಹೇಳಿಕೊಂಡಿದ್ದಾರೆ. ನಮ್ಮ ವಾಲ್ಮೀಕಿ ಸಮಾಜದ ಹಿರಿಯರು ಎಷ್ಟು ವರ್ಷದಿಂದ ಬಡಕೊಳ್ಳುತ್ತಿದ್ದಾರೆ, ಜಯಂತಿಯ ದಿನವಾದರೂ ಆ ಮಾತು ಬೇಡ ಅಂತ. ಯಾರು ಕೇಳಬೇಕು?

ತಿಳಿನೀರಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ತುಂಗಭದ್ರೆ ತುಂಬಿ ಹರಿದರೂ ನಮ್ಮ ಓಣಿಯ ನಲ್ಲಿಗೆ ನೀರು ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಬ್ಯಾರಲ್ಲು, ಕೊಡ, ಪಾತೇಲಿ ಎಲ್ಲ ತುಂಬಿಟ್ಟುಕೊಂಡು ಕಾಯಬೇಕು. ಬಂದ ನೀರಿನ ಬಣ್ಣ ನೋಡಿದರೆ ಬಿಡುವವರ ಮನಸ್ಸು ಹೇಗಿದೆ ಅಂತ ಮಹರ್ಷಿಗಳ ಲೆಕ್ಕದಲ್ಲಿ ಗೊತ್ತಾಗುತ್ತದೆ. ಭಾಷಣ ಮಾಡಿದವರಲ್ಲಿ ಒಬ್ಬರೂ ನೀರಿನ ಸುದ್ದಿ ಎತ್ತಲಿಲ್ಲ. ಎಲ್ಲರ ಮುಂದೆ ಮಾತ್ರ ಸೀಲ್ ಮಾಡಿದ ಬಾಟಲಿ.

ಮೀಸಲಾತಿ ಬಗ್ಗೆ ಮಾತ್ರ ಉದ್ದಕ್ಕೆ ಹೇಳಿದರು. 2022ರಲ್ಲಿ ನಾವು ಸೇರಿದ ಪರಿಶಿಷ್ಟ ಪಂಗಡಕ್ಕೆ ಶೇ 3 ಇದ್ದದ್ದನ್ನು ಶೇ 7 ಮಾಡಿದ್ದು ಒಳ್ಳೆಯದೇ, ಬೇಡ ಅಂದವರಾರು? ಆದರೆ ನನ್ನ ಮಗಳ ಜಾತಿ ಪ್ರಮಾಣಪತ್ರಕ್ಕೆ ಹೋದಾಗ ಸರ್ವರ್ ಡೌನ್, ಸಾಹೇಬರು ಮೀಟಿಂಗು, ನಾಳೆ ಬಾ. ಅದೇ ಸಾಹೇಬರು ಮೊನ್ನೆ ವೇದಿಕೆಯಲ್ಲಿ ಪೇಟ ಸುತ್ತಿಕೊಂಡು ಕೂತಿದ್ದರು. ಇನ್ನು 2024ರಲ್ಲಿ ಮಹರ್ಷಿಗಳ ಹೆಸರಿನ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದಿಂದಲೇ ಕೋಟಿಗಟ್ಟಲೆ ಹಣ ಅಕ್ರಮವಾಗಿ ಬೇರೆ ಖಾತೆಗಳಿಗೆ ಹೋದದ್ದು ರಾಜ್ಯಕ್ಕೇ ಗೊತ್ತು. ವೇದಿಕೆಯ ಮೇಲೆ ಆ ಸುದ್ದಿಯೂ ಇಲ್ಲ. ಮಹರ್ಷಿಗಳ ಆದರ್ಶ ಪಾಲಿಸಿ ಅಂತ ನಮಗೆ ಉಪದೇಶ!

ಮುಂದಿನ ವರ್ಷದಿಂದ ಹೇಳಿದ ಟೈಮಿಗೆ ಶುರು ಮಾಡಲಿ. ತಡವಾಗಿ ಬಂದವರನ್ನು, ಅವರು ಯಾರೇ ಇರಲಿ, ವೇದಿಕೆ ಹತ್ತಿಸಬಾರದು. ಇಲ್ಲವಾದರೆ ಸುಮ್ನೆ ಬಿಟ್ಟುಬಿಡಲಿ, ನಮ್ಮ ಓಣಿಯಲ್ಲಿ ನಾವೇ ಮಾಡಿಕೊಳ್ಳುತ್ತೇವೆ. ಹಾಗಂತ ಸರ್ಕಾರ ಕೈ ತೊಳೆದುಕೊಳ್ಳುವುದೂ ಬೇಡ. ಜಯಂತಿಗೆ ಕೊಡುವ ದುಡ್ಡು ಜಾಸ್ತಿ ಮಾಡಲಿ, ಲೆಕ್ಕವನ್ನೂ ಕೊಡಲಿ. ನಲ್ಲಿಗೆ ನೀರನ್ನೂ ಬಿಡಲಿ. ನಿಮ್ಮ ವರದಿಗಾರರು ಕೊನೆಯ ಸಾಲಿನ ತನಕ ಬಂದು ಆಮೇಲೆ ‘ಅದ್ದೂರಿ’ ಅಂತ ಬರೆಯಲಿ. ಸಂಬಂಧಪಟ್ಟವರು ಗಮನ ಹರಿಸಬೇಕು ಎಂದು ಬರೆಯುವುದು ಪದ್ಧತಿ. ಇವರು ಗಮನ ಹರಿಸಿದ್ದನ್ನು ನಾನಂತೂ ನೋಡಿಲ್ಲ. ಮಕ್ಕಳನ್ನು ಬಿಸಿಲಲ್ಲಿ ಕೂರಿಸಿ ತಾವು ಫ್ಯಾನಿನ ಕೆಳಗೆ ಕೂರುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ?

– ಹಿರಿಯ ನಾಗರಿಕ, ಬೆಟಗೇರಿ, ಗದಗ