ಪರೀಕ್ಷೆಗೆ ಕಳಿಸಿದ 1ಯು ರ್ಯಾಕ್ ಸರ್ವರ್ ಕುರಿತು ದೂರು

ಗೆ,
ವ್ಯವಸ್ಥಾಪಕರು,
ಸರ್ವರ್ ಮಾರಾಟ ಮತ್ತು ತಾಂತ್ರಿಕ ಬೆಂಬಲ ವಿಭಾಗ

ವಿಷಯ: ನಿಮ್ಮ ಕಾನ್ಫಿಗರೇಟರ್ (ಬಿಡಿಭಾಗ ಆರಿಸುವ ತಂತ್ರಾಂಶ) ಒಪ್ಪಿದ ಜೋಡಣೆಯಲ್ಲಿ ಸರ್ವರ್ ಪೂರ್ಣ ಲೋಡ್ ತಾಳದಿರುವುದು

ಮಾನ್ಯರೇ,

ಖರೀದಿಗೆ ಮುಂಚಿನ ಪರೀಕ್ಷೆಗೆಂದು ನೀವು ಕಳಿಸಿದ ಸರ್ವರನ್ನು ರ್ಯಾಕ್‌ನಿಂದ ಇಳಿಸಿಟ್ಟಿದ್ದೇವೆ. ತಲಾ 205 ವ್ಯಾಟ್‌ನ ಎರಡು ಪ್ರೊಸೆಸರ್, 32 ಜಿಬಿಯ 16 ಮೆಮೊರಿ ಮಾಡ್ಯೂಲ್, 10 ಎನ್‌ವಿಎಂಇ (ಅತಿವೇಗದ ಸಂಗ್ರಹ) ಡ್ರೈವ್, ಎರಡು ಪೋರ್ಟಿನ 25 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್, 800 ವ್ಯಾಟ್‌ನ ಎರಡು ಪವರ್ ಸಪ್ಲೈ. ಈ ಪಟ್ಟಿಯನ್ನು ನಿಮ್ಮ ಕಾನ್ಫಿಗರೇಟರ್ ಒಂದು ಎಚ್ಚರಿಕೆಯನ್ನೂ ತೋರಿಸದೆ ಒಪ್ಪಿತ್ತು. ಮಾಹಿತಿ ಹಾಳೆಯ ಒಂದೊಂದು ಸಾಲೂ ಬಿಡಿಯಾಗಿ ನೋಡಿದರೆ ನಿಜವೇ. ಅವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸೇರಿದಾಗ ನಿಲ್ಲುವುದಿಲ್ಲ ಎಂಬುದೇ ನಮ್ಮ ದೂರು.

ಎಲ್ಲಕ್ಕಿಂತ ಗಂಭೀರವಾದದ್ದು ಪವರ್ ಸಪ್ಲೈ. ಪೂರ್ಣ ಲೋಡ್‌ನಲ್ಲಿ ಪಿಡಿಯು (ರ್ಯಾಕ್‌ನ ವಿದ್ಯುತ್ ಹಂಚಿಕೆ ಘಟಕ) ಮೀಟರ್ 893 ವ್ಯಾಟ್ ತೋರಿಸಿತು. ಶೇ. 94ರ ದಕ್ಷತೆ ಹಿಡಿದರೆ ಒಳಗೆ ಹೋಗುತ್ತಿದ್ದದ್ದು ಸುಮಾರು 840 ವ್ಯಾಟ್. ಲೆಕ್ಕವೂ ತಾಳೆಯಾಗುತ್ತದೆ: ಪ್ರೊಸೆಸರ್‌ಗಳಿಗೆ 410, ಡ್ರೈವ್‌ಗಳಿಗೆ 180, ಮೆಮೊರಿಗೆ 80, ಫ್ಯಾನ್‌ಗಳಿಗೆ 110, ಮದರ್‌ಬೋರ್ಡ್ ಮತ್ತು ಕಾರ್ಡಿಗೆ 60. ಎರಡೂ ಪವರ್ ಸಪ್ಲೈ ಹೊರೆ ಹಂಚಿಕೊಂಡಿರುವವರೆಗೆ ತೊಂದರೆ ಕಾಣುವುದಿಲ್ಲ, ತಲಾ 420 ವ್ಯಾಟ್ ಅಷ್ಟೆ. ಎಡಗಡೆಯ ಪವರ್ ಕಾರ್ಡ್ ಎಳೆದ ಕೂಡಲೇ ಬಲಗಡೆಯದರ ಹಸಿರು ದೀಪ ಕಿತ್ತಳೆಗೆ ತಿರುಗಿತು. ಮೂರು ಸೆಕೆಂಡಿಗೆ ಇಡೀ ಸರ್ವರ್ ಆರಿತು. ಲಾಗ್‌ನಲ್ಲಿ ಓವರ್ ಕರೆಂಟ್ ದಾಖಲಾಗಿದೆ. ಅದೇ ಲಾಗ್‌ನಲ್ಲಿ ಅದಕ್ಕೂ ಹಿಂದಿನ ಎರಡು ಗಂಟೆ ಕಾಲ ಬಿಎಂಸಿ (ಸರ್ವರ್ ಮೇಲೆ ನಿಗಾ ಇಡುವ ಚಿಪ್) 'ಪೂರ್ಣ ರಿಡಂಡೆನ್ಸಿ', ಅಂದರೆ ಒಂದು ಪವರ್ ಸಪ್ಲೈ ಕೆಟ್ಟರೂ ಇನ್ನೊಂದು ಸಾಕು, ಎಂದೇ ಹೇಳುತ್ತಿತ್ತು! ನಿಮ್ಮ ಫರ್ಮ್‌ವೇರ್ ಪವರ್ ಸಪ್ಲೈ ಎಷ್ಟಿವೆ ಎಂದು ಎಣಿಸುತ್ತದೆಯೇ ಹೊರತು, ಉಳಿದ ಒಂದು ಒಟ್ಟು ಹೊರೆಯನ್ನು ಹೊರಬಲ್ಲದೇ ಎಂದು ನೋಡುವುದಿಲ್ಲ. ಇಂಥ ಹೊತ್ತಿನಲ್ಲಿ ಪ್ರೊಸೆಸರ್ ವೇಗವನ್ನು ತಟ್ಟನೆ ಇಳಿಸಿ ಸರ್ವರನ್ನು ಉಳಿಸಬೇಕಾದ ಪವರ್ ಕ್ಯಾಪಿಂಗ್ ಕಾರ್ಖಾನೆಯಿಂದಲೇ ಆಫ್ ಆಗಿ ಬಂದಿದೆ.

ಎರಡನೆಯದು ಬಿಸಿ. ಒಳಗೆ ಬರುವ ಗಾಳಿ 24 ಡಿಗ್ರಿ ಇದ್ದಾಗ ಸಮಸ್ಯೆಯಿಲ್ಲ. 32 ಡಿಗ್ರಿಗೆ ಏರಿಸಿದಾಗ ಹದಿನೆಂಟು ನಿಮಿಷದೊಳಗೆ ಎರಡನೇ ಪ್ರೊಸೆಸರ್ 2.9 ಗಿಗಾಹರ್ಟ್ಸ್‌ನಿಂದ 2.2ಕ್ಕೆ ಇಳಿಯಿತು. ಮುಚ್ಚಳ ತೆಗೆದರೆ ಕಾರಣ ಕಣ್ಣಿಗೇ ಬೀಳುತ್ತದೆ. 165 ವ್ಯಾಟ್ ದಾಟಿದರೆ ರೆಕ್ಕೆ ಚಾಚಿದ ದೊಡ್ಡ ಹೀಟ್‌ಸಿಂಕ್ ಹಾಕಬೇಕೆಂದು ನಿಮ್ಮ ಸರ್ವಿಸ್ ಮ್ಯಾನ್ಯುಯಲ್ ಹೇಳುತ್ತದೆ. ಕೂರಿಸಿರುವುದು ಸಾಮಾನ್ಯ ಹೀಟ್‌ಸಿಂಕ್. ಒಳಬರುವ ಗಾಳಿಯ ಮಿತಿ ಮಾಹಿತಿ ಹಾಳೆಯಲ್ಲಿ 35 ಡಿಗ್ರಿ ಎಂದು ದಪ್ಪಕ್ಷರದಲ್ಲಿದೆ. ಹತ್ತೂ ಡ್ರೈವ್ ತುಂಬಿದರೆ 30 ಡಿಗ್ರಿ ಮಾತ್ರ ಎಂಬ ಮಾತು ಮ್ಯಾನ್ಯುಯಲ್‌ನ ಅಡಿಟಿಪ್ಪಣಿಯಲ್ಲಿ ಅಡಗಿದೆ. 44 ಮಿ.ಮೀ. ಎತ್ತರದ ಪೆಟ್ಟಿಗೆಯಲ್ಲಿ 40 ಮಿ.ಮೀ. ಫ್ಯಾನ್‌ಗಳಿಗೆ ಇರುವ ಮಿತಿ ನಮಗೆ ಗೊತ್ತು, ಅದಕ್ಕೆ ತಕರಾರಿಲ್ಲ. ಆದರೆ ಫ್ಯಾನ್ ನುಂಗುವ ವಿದ್ಯುತ್ತು ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಸರಿಯಾದ ಹೀಟ್‌ಸಿಂಕ್ ಇದ್ದು ವೇಗ ಶೇ. 20 ಇಳಿದಿದ್ದರೆ ಮೇಲೆ ಹೇಳಿದ 110 ವ್ಯಾಟ್ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತಿತ್ತು.

ಇನ್ನು 9 ಮತ್ತು 10ನೇ ಡ್ರೈವ್‌ಗಳು. ಉಳಿದ ಎಂಟು ಸೆಕೆಂಡಿಗೆ 6.8 ಜಿಬಿ ಓದಿದರೆ ಇವೆರಡು 3.5ರಲ್ಲೇ ನಿಂತವು. ಡ್ರೈವ್ ಅದಲುಬದಲು ಮಾಡಿದರೂ ಅದೇ ಬೇ (ಡ್ರೈವ್ ಕೂರಿಸುವ ಜಾಗ) ನಿಧಾನ. ಡ್ರೈವನ್ನು ಪ್ರೊಸೆಸರ್‌ಗೆ ಜೋಡಿಸುವ ಪಿಸಿಐಇ ಲಿಂಕ್‌ನ ವೇಗ 16 ಜಿಟಿ (ಸೆಕೆಂಡಿಗೆ ಗಿಗಾ ವರ್ಗಾವಣೆ) ಬದಲು 8 ಜಿಟಿಗೆ, ಅಂದರೆ ನಾಲ್ಕನೇ ಪೀಳಿಗೆಯಿಂದ ಮೂರನೆಯದಕ್ಕೆ ಇಳಿದಿತ್ತು. ಮುಚ್ಚಳ ತೆರೆದು ಬೂಟ್ ಮಾಡಿದರೆ 16, ಮುಚ್ಚಿ ಬೂಟ್ ಮಾಡಿದರೆ 8. ಐದು ಸಲವೂ ಹೀಗೇ. ಮೂರನೇ ಫ್ಯಾನ್ ಹಿಂದೆ ಹಾಯ್ದುಹೋಗುವ ಬ್ಯಾಕ್‌ಪ್ಲೇನ್ (ಡ್ರೈವ್‌ಗಳು ಕೂರುವ ಬೋರ್ಡ್) ಕೇಬಲನ್ನು ಏರ್ ಬ್ಯಾಫಲ್‌ನ (ಗಾಳಿಗೆ ದಾರಿ ತೋರುವ ತಟ್ಟೆಯ) ಅಂಚು ಒತ್ತುತ್ತಿದೆ, ಕೇಬಲ್ ಮೇಲೆ ಗೀರು ಬಿದ್ದಿದೆ. ಬೇರೆ ಕಂಪನಿಯ ನೆಟ್‌ವರ್ಕ್ ಕಾರ್ಡ್ ಹಾಕಿದರೆ ಬಿಎಂಸಿ ಅದರ ತಾಪಮಾನ ಓದಲಾರದೆ ಫ್ಯಾನ್‌ಗಳನ್ನು ಪೂರ್ಣ ವೇಗಕ್ಕೆ ಒಯ್ಯುತ್ತದೆ. ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ರೆಡ್‌ಫಿಶ್ (ಸರ್ವರನ್ನು ದೂರದಿಂದ ನಿರ್ವಹಿಸುವ ಮಾನಕ) ಮೂಲಕ ನಿರ್ವಹಣೆ, ಉಪಕರಣವಿಲ್ಲದೆ ರೈಲ್ ಕೂರಿಸುವ ವ್ಯವಸ್ಥೆ ಚೆನ್ನಾಗಿವೆ. ಯಂತ್ರವನ್ನೇ ತಳ್ಳಿಹಾಕುವ ಉದ್ದೇಶ ನಮಗಿಲ್ಲ.

1,100 ವ್ಯಾಟ್‌ನ ಎರಡು ಪವರ್ ಸಪ್ಲೈ, ದೊಡ್ಡ ಹೀಟ್‌ಸಿಂಕ್ ಜೋಡಿ, ಹೊಸ ಕೇಬಲ್ ಮತ್ತು ತಿದ್ದಿದ ಬ್ಯಾಫಲ್‌ನೊಂದಿಗೆ ಇದೇ ಯಂತ್ರವನ್ನು 15 ದಿನದೊಳಗೆ ಸರಿಪಡಿಸಿಕೊಡಿ. ಪ್ರೊಸೆಸರ್ ವ್ಯಾಟ್, ಡ್ರೈವ್ ಸಂಖ್ಯೆ, ಒಳಬರುವ ಗಾಳಿಯ ತಾಪಮಾನ ಈ ಮೂರೂ ಒಂದೇ ಕೋಷ್ಟಕದಲ್ಲಿರುವಂತೆ ಲಿಖಿತ ಖಾತ್ರಿಯೂ ಬೇಕು. ಮರುಪರೀಕ್ಷೆಯಲ್ಲಿ ಮೊದಲು ಎಳೆಯುವುದು ಎಡಗಡೆಯ ಪವರ್ ಕಾರ್ಡನ್ನೇ. ಅದು ಮುಗಿಯುವವರೆಗೆ 24 ಸರ್ವರ್‌ಗಳ ಖರೀದಿ ಆದೇಶ ತಡೆಹಿಡಿಯಲಾಗಿದೆ. ಬಿಎಂಸಿ ಲಾಗ್, ಪಿಡಿಯು ದಾಖಲೆ, ಕೇಬಲ್‌ನ ಚಿತ್ರಗಳನ್ನು ಲಗತ್ತಿಸಿದ್ದೇವೆ.

ಇಂತಿ,
ಡೇಟಾ ಸೆಂಟರ್ ಮೌಲ್ಯಮಾಪನ ತಂಡ