ಬಂಗಲೆಗೆ ಬೀಗ ಬೇಡ

ಮಾನ್ಯರೇ,

ದೊಡ್ಡ ಅಧಿಕಾರಿಗಳಿಗೆ ಬ್ರಿಟಿಷರ ಕಾಲದ ಬಂಗಲೆ ಯಾಕೆ, ಅವರಿಗೊಂದು ಫ್ಲಾಟ್ ಕೊಟ್ಟು ಬಂಗಲೆಯನ್ನು ಮ್ಯೂಸಿಯಂ ಮಾಡಬಾರದೇ ಎಂಬ ಮಾತು ನಮ್ಮ ಕೋಡಿಬಾಗದ ಚಾ ಅಂಗಡಿಯಲ್ಲಿ ಆಗಾಗ ಬರುತ್ತದೆ. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಆದರೆ ಹೆಂಚಿನ ಮಾಡಿನ, ಅಂದರೆ ಛಾವಣಿಯ, ಕೆಲಸದಲ್ಲೇ ಕೂದಲು ಬೆಳ್ಳಗಾದ ನನಗೆ ಅದು ಸರಿ ಕಾಣುವುದಿಲ್ಲ.

ನಮ್ಮ ಕಡೆಯ ಮಳೆ ಗೊತ್ತಲ್ಲ. ಪ್ರತಿ ಮೇ ತಿಂಗಳು ಯಾರಾದರೂ ಮಾಡು ಹತ್ತಿ ಒಡೆದ ಹೆಂಚು ಬದಲಿಸಲೇಬೇಕು. ಒಂದು ಹೆಂಚು ಜಾರಿದರೂ ನೀರು ಹೆಂಚು ಕೂರುವ ಮರದ ಪಟ್ಟಿಗೆ, ಅಂದರೆ ರೀಪಿಗೆ, ಇಳಿಯುತ್ತದೆ, ರೀಪಿನಿಂದ ಅದನ್ನು ಹೊರುವ ಪಕಾಸು ಎಂಬ ಮರದ ತೊಲೆಗೆ. ಹಿಂದೆಯೇ ಒರಲೆ (ಗೆದ್ದಲು). ಮನೆಯಲ್ಲಿ ಜನ ಇದ್ದರೆ ಮೊದಲ ಹನಿ ಬಿದ್ದ ರಾತ್ರಿಯೇ ಬಕೆಟ್ ಇಟ್ಟು, ಬೆಳಿಗ್ಗೆ ನಮಗೆ ಹೇಳಿಕಳಿಸುತ್ತಾರೆ. ಬೀಗ ಹಾಕಿದ ಕಟ್ಟಡದಲ್ಲಿ ಕೇಳುವವರು ಯಾರು? ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಒಂದು ಬಂಗಲೆಗೆ ಕರೆದಾಗ ಪಕಾಸಿಗೆ ಉಳಿ ತಾಗಿಸಿದೆ. ಹಿಡಿಯವರೆಗೂ ಸುಮ್ನೆ ಒಳಗೆ ಹೋಯಿತು. ಹೊರಗೆ ಮಾತ್ರ ಬಣ್ಣ ಹೊಡೆದು ಚೆಂದ ಮಾಡಿದ್ದರು.

ತಂಗಿಯ ಮಗ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಆ ವಿಶ್ವವಿದ್ಯಾಲಯದ ಅಧ್ಯಕ್ಷರ ಅಧಿಕೃತ ನಿವಾಸದ ಫೋಟೊ ಕಳಿಸಿದ್ದ. ಎತ್ತರದ ಬಿಳಿ ಕಂಬಗಳ ಆ ಮನೆ ಎದ್ದದ್ದು 1841ರಲ್ಲಿ. 1865ರ ಏಪ್ರಿಲ್‌ನಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧ ಮುಗಿಯುವ ಹೊತ್ತಿಗೆ ಉತ್ತರದ ಸೈನ್ಯ ವಿಶ್ವವಿದ್ಯಾಲಯಕ್ಕೆ ಬೆಂಕಿ ಇಟ್ಟಿತು. ಲೈಬ್ರರಿ ಸುಟ್ಟುಹೋಯಿತು, ಈ ಮನೆ ಉಳಿಯಿತು. ಅಧ್ಯಕ್ಷರ ಹೆಂಡತಿ ಲೂಯಿಸಾ ಗಾರ್ಲಂಡ್ ಓಡಿಬಂದು ಸೈನಿಕರನ್ನು ತಡೆದರು ಎಂಬ ಕತೆ ಅಲ್ಲಿದೆಯಂತೆ. ಕತೆಗೆ ಉಪ್ಪುಖಾರ ಎಷ್ಟು ಸೇರಿದೆಯೋ! ಆದರೂ ನನ್ನ ಮನೆ ಅಂತ ಓಡಿಬರಲು ಒಬ್ಬರಿದ್ದರು, ಅಲ್ವಾ?

ಹಿತ್ತಿಲಲ್ಲಿ ಗುಲಾಮರನ್ನು ಇಟ್ಟಿದ್ದ ಸಣ್ಣ ಕಟ್ಟಡಗಳನ್ನೂ ಕೆಡವಿಲ್ಲ. ಆ ಮನೆಗೆ ಮೊದಲು ಬಂದ ಅಧ್ಯಕ್ಷ ಬೇಸಿಲ್ ಮ್ಯಾನ್ಲಿ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವರು. ನಾಚಿಕೆಯ ಸಂಗತಿಯನ್ನೂ ಕಣ್ಣೆದುರೇ ಬಿಟ್ಟಿದ್ದಾರೆ. ನಮ್ಮಲ್ಲಿ ರಿಪೇರಿ ಅಂದರೆ ಮೊದಲು ನೆಲಸಮ ಆಗುವುದೇ ಆಳುಗಳ ಕೋಣೆ.

ಮೈಸೂರಿನ ಜಯಲಕ್ಷ್ಮಿ ವಿಲಾಸ ನೋಡಿ. ಕುವೆಂಪು ಕುಲಪತಿಯಾಗಿದ್ದಾಗ ವಿಶ್ವವಿದ್ಯಾಲಯದ ಕೈಗೆ ಬಂದ ಅರಮನೆ. ಜಾನಪದ ಮ್ಯೂಸಿಯಂ ಆಯಿತು, 2006ರ ಹೊತ್ತಿಗೆ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದೊಡ್ಡ ರಿಪೇರಿಯೂ ಆಯಿತು. ಕೆಲವೇ ವರ್ಷಗಳಲ್ಲಿ ಮತ್ತೆ ರಿಪೇರಿಗೆ ಬಂತು. ಅಷ್ಟು ಹೆಸರಿನ ಕಟ್ಟಡದ ಕತೆಯೇ ಹೀಗಾದರೆ ಕಾರವಾರದ ಬಂಗಲೆಗೆ ಯಾರು ದಿಕ್ಕು? ಇಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ರವೀಂದ್ರನಾಥ ಠಾಕೂರರು ಇದ್ದು ಹೋದರು ಅಂತ ಬೀಚಿಗೆ ಅವರ ಹೆಸರಿಟ್ಟೆವು. ಹೆಸರಿಗೆ ಖರ್ಚಿಲ್ಲ, ಮಾಡಿಗೆ ಜಾಸ್ತಿ.

ಹಾಗಾಗಿ ಅಧಿಕಾರಿಗಳು ಬಂಗಲೆಯಲ್ಲೇ ಇರಲಿ. ಆದರೆ ವರ್ಷಕ್ಕೊಮ್ಮೆಯಾದರೂ ಜಗುಲಿ, ತೋಟ ಶಾಲೆ ಮಕ್ಕಳಿಗೆ ತೆರೆಯಲಿ. ಹೆಂಚು ಕಿತ್ತು ತಗಡು ಹೊದೆಸುವ ಟೆಂಡರ್ ಮಾತ್ರ ಬೇಡ. ಹಳೇ ಅಳತೆಯ ಹೆಂಚು ಸಿಗುವುದು ಈಗ ಕಷ್ಟ. ಊರಲ್ಲಿ ಹಳೇ ಮನೆ ಕೆಡವಿದಾಗ ಗಟ್ಟಿ ಇದ್ದವನ್ನು ಆರಿಸಿ ತಂದು ಬಂಗಲೆಯ ಹಿತ್ತಿಲಲ್ಲಿ ಪೇರಿಸಿಟ್ಟುಕೊಳ್ಳಲಿ. ಹೇಗೆ ಆರಿಸಬೇಕು ಅಂತ ನಾವು ತೋರಿಸಿಕೊಡುತ್ತೇವೆ.

– ಹೆಂಚಿನ ಕೆಲಸದವ, ಕೋಡಿಬಾಗ, ಕಾರವಾರ