ಬಿದ್ದವರನ್ನು ಎತ್ತಲು ಹೆದರಬೇಕಾ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಜರ್ಮನಿಯಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಮುಗಿಸದೆ ಡ್ರೈವಿಂಗ್ ಲೈಸೆನ್ಸ್ ಸಿಗುವುದಿಲ್ಲ ಅಂತ ನೀನು ಬರೆದದ್ದು ಓದಿ ಹೊಟ್ಟೆಕಿಚ್ಚಾಯಿತು. ಅದರ ಬೆನ್ನಿಗೇ ಬರೆದ ಇನ್ನೊಂದು ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅಪಘಾತ ಕಂಡೂ ಸಹಾಯ ಮಾಡದೆ ಹೋದರೆ ಅಲ್ಲಿ ಒಂದು ವರ್ಷದವರೆಗೆ ಜೈಲಾಗಬಹುದು, ನಮ್ಮಲ್ಲೂ ಅಂಥ ಕಾನೂನು ಬಂದರೆ ಜನ ತಾನಾಗಿ ಸರಿಹೋಗುತ್ತಾರೆ ಅಂದಿದ್ದೀಯ. ನಮ್ಮ ಜನರ ಮನಸ್ಸೇ ಕಲ್ಲಾಗಿದೆ ಅಂತಲೂ ಸೇರಿಸಿದ್ದೀಯ. ಅದಕ್ಕೇ ಈ ಉದ್ದ ಕಾಗದ.

2016ರ ಫೆಬ್ರುವರಿ ನೆನಪಿದೆಯಾ? ನೆಲಮಂಗಲದ ಹತ್ತಿರ ಹೆದ್ದಾರಿಯಲ್ಲಿ ಹರೀಶ್ ನಂಜಪ್ಪ ಎಂಬ ಯುವಕನ ಬೈಕಿಗೆ ಲಾರಿ ಗುದ್ದಿ ದೇಹವೇ ಎರಡು ತುಂಡಾಯಿತು. ಅಂಥ ಸ್ಥಿತಿಯಲ್ಲೂ ಆತ ಕೇಳಿದ್ದು ತನ್ನ ಅಂಗಾಂಗ ದಾನ ಮಾಡಿ ಅಂತ. ಕೊನೆಗೆ ಕಣ್ಣುಗಳನ್ನು ದಾನ ಮಾಡಲಾಯಿತು. ಮುಂದಿನ ವರ್ಷ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಹುಡುಗನಿಗೆ ಬಸ್ ಗುದ್ದಿತು. ರಕ್ತದ ಮಡುವಿನಲ್ಲಿ ಬಿದ್ದು ಅವನು ಸಹಾಯ ಕೇಳುತ್ತಿದ್ದರೆ ಸುತ್ತ ನಿಂತವರು ಮೊಬೈಲ್ ಹಿಡಿದಿದ್ದರು. ಹುಡುಗ ಉಳಿಯಲಿಲ್ಲ. ಆ ವಿಡಿಯೋ ನೋಡಿದ ಯಾರೇ ಆದರೂ ನೀನು ಹೇಳಿದ್ದನ್ನೇ ಹೇಳುತ್ತಾರೆ.

ಆದರೆ ನಿಂತವರನ್ನು ಕೇಳಿದವರೂ ಇದ್ದಾರೆ. ರಸ್ತೆ ಸುರಕ್ಷತೆಗಾಗಿ ದುಡಿಯುವ ದೆಹಲಿಯ ಸೇವ್‌ಲೈಫ್ ಫೌಂಡೇಶನ್ 2013ರಲ್ಲಿ ಒಂದು ಸಮೀಕ್ಷೆ ಮಾಡಿಸಿತ್ತು. ಗಾಯಾಳುವಿಗೆ ಸಹಾಯ ಮಾಡುವುದು ಅನುಮಾನ ಎಂದವರು ಶೇ. 74. ಯಾಕೆ ಅಂತ ಕೇಳಿದರೆ ಅವರಲ್ಲಿ ಶೇ. 88 ಮಂದಿ ಹೇಳಿದ್ದು ಪೊಲೀಸು, ಕೋರ್ಟು, ಕಚೇರಿ ಅಲೆದಾಟದ ಭಯ. ‘ನಮಗ್ಯಾಕೆ ಊರ ಉಸಾಬರಿ’ ಅನ್ನುವ ಮಾತಿನ ಒಳಗೆ ಇರುವುದು ಈ ಭಯವೇ. ಇದನ್ನು ಕಲ್ಲುಮನಸ್ಸು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆಸ್ಪತ್ರೆಯ ಕೌಂಟರ್ ಹೇಗಿರುತ್ತದೆ ಅಂತ ನಿನಗೂ ಗೊತ್ತು. ಗಾಯಾಳುವನ್ನು ಸ್ಟ್ರೆಚರ್ ಮೇಲೆ ಒಳಗೆ ತಳ್ಳಿದ ಕೂಡಲೇ ಕೇಳುವ ಮೊದಲ ಪ್ರಶ್ನೆ: ‘ಪೇಷಂಟ್‌ಗೆ ನೀವೇನಾಗ್ಬೇಕು?’ ಏನೂ ಆಗಬೇಕಿಲ್ಲ, ದಾರಿಯಲ್ಲಿ ಸಿಕ್ಕರು ಅಂದರೆ ಪೆನ್ನು ನಿಲ್ಲುತ್ತದೆ. ಫಾರಂನಲ್ಲಿ ಅಪ್ಪ, ಗಂಡ, ಮಗ ಎಲ್ಲರಿಗೂ ಜಾಗ ಇದೆ, ದಾರಿಹೋಕನಿಗೆ ಇಲ್ಲ. ಆಮೇಲೆ ‘ಇದು ಎಂಎಲ್‌ಸಿ ಕೇಸು, ಪೊಲೀಸ್ ಬರೋವರೆಗೂ ಇರಿ’ ಅನ್ನುತ್ತಾರೆ. ಎಂಎಲ್‌ಸಿ ಅಂದರೆ ಮೆಡಿಕೋ ಲೀಗಲ್ ಕೇಸು, ಪೊಲೀಸರಿಗೆ ತಿಳಿಸಬೇಕಾದದ್ದು. ಅಡ್ವಾನ್ಸ್ ಯಾರು ಕಟ್ತಾರೆ ಅಂತಲೂ ಕೇಳುತ್ತಾರೆ. ಗುದ್ದಿದವನು ಆಗಲೇ ಊರು ದಾಟಿರುತ್ತಾನೆ. ಎತ್ತಿಕೊಂಡು ಬಂದವನು ಬೆಂಚಿನ ಮೇಲೆ, ಅಂಗಿಯ ರಕ್ತ ಒಣಗುತ್ತಾ, ಆರೋಪಿಯ ಹಾಗೆ ಕೂತಿರುತ್ತಾನೆ.

ಕಾನೂನು ಕೈಹಾಕಬೇಕಾದ ಜಾಗ ಇದೇ. ತಡವಾಗಿಯಾದರೂ ಹಾಕಿದೆ ಅನ್ನು. ಸೇವ್‌ಲೈಫ್ ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2016ರ ಮಾರ್ಚ್‌ನಲ್ಲಿ, ಸಹಾಯ ಮಾಡಿದವರನ್ನು ಕಾಪಾಡುವ ಕೇಂದ್ರದ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ನಮ್ಮ ರಾಜ್ಯ ಅದೇ ವರ್ಷ ಗುಡ್ ಸಮಾರಿಟನ್, ಅಂದರೆ ಆಪತ್ತಿನಲ್ಲಿ ನೆರವಾದ ದಾರಿಹೋಕರನ್ನು ಕಾಪಾಡುವ, ಮಸೂದೆ ಪಾಸು ಮಾಡಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ. ಇಂಥ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದೇ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಈಗ ಗಾಯಾಳುವನ್ನು ತಂದವನು ಹೆಸರು, ಫೋನ್ ನಂಬರ್ ಹೇಳಲೇಬೇಕು ಅಂತಿಲ್ಲ. ಅವನ ಹತ್ತಿರ ದುಡ್ಡು ಕೇಳುವಂತಿಲ್ಲ, ಹಿಡಿದು ಕೂರಿಸುವಂತಿಲ್ಲ. ಒಳ್ಳೆಯ ಮನಸ್ಸಿನಿಂದ ಎತ್ತುವಾಗ ಹೆಚ್ಚುಕಮ್ಮಿಯಾಗಿ ಗಾಯಾಳು ತೀರಿಕೊಂಡರೂ ಅವನ ಮೇಲೆ ಕೇಸು ಹಾಕುವಂತಿಲ್ಲ. ಸಾಕ್ಷಿ ಹೇಳಬೇಕೋ ಬೇಡವೋ ಅನ್ನುವುದೂ ಅವನಿಷ್ಟ.

ಇಷ್ಟೆಲ್ಲ ಇದ್ದೂ 2018ರಲ್ಲಿ ಅದೇ ಸಂಸ್ಥೆ ಮತ್ತೆ ಕೇಳಿದಾಗ ಶೇ. 84 ಜನರಿಗೆ ಇಂಥ ರಕ್ಷಣೆ ಇದೆ ಅಂತಲೇ ಗೊತ್ತಿರಲಿಲ್ಲ. ಈ ಹಕ್ಕುಗಳನ್ನು ಆಸ್ಪತ್ರೆಯ ಬಾಗಿಲಲ್ಲಿ ಸ್ಥಳೀಯ ಭಾಷೆಯಲ್ಲೂ ಬರೆದು ಹಾಕಬೇಕು ಅಂತ ನಿಯಮವಿದೆ. ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಹುಡುಕಿದೆ. ಬೋರ್ಡ್ ಇತ್ತು, ದೊಡ್ಡ ಕ್ರೋಟನ್ ಕುಂಡದ ಹಿಂದೆ, ಇಂಗ್ಲಿಷಿನಲ್ಲಿ. ಹೊರಗೆ ನಿಂತಿದ್ದ ಆಟೋದವರೊಬ್ಬರಿಗೆ ಅದರಲ್ಲಿ ಏನಿದೆ ಅಂತ ಹೇಳಿದೆ. ಅವರು ನಕ್ಕರು. ‘ಕರ್ಕೊಂಡು ಬರ್ತೀನಿ ಸಾರ್, ಯಾವತ್ತೂ ಇಲ್ಲ ಅಂದಿಲ್ಲ. ಆದ್ರೆ ಗೇಟ್ ಹತ್ರ ಇಳಿಸಿ ಹೊರಟ್ಬಿಡ್ತೀನಿ. ಒಳಗೆ ಮಾತ್ರ ಹೋಗಲ್ಲ’ ಅಂದರು.

ನೋಡು, ಆ ಮನುಷ್ಯನಿಗೆ ದಯೆ ಇಲ್ಲವಾ? ಬಾಡಿಗೆ ಬಿಟ್ಟು, ಸೀಟಿನ ರಕ್ತ ತಾನೇ ತೊಳೆದುಕೊಂಡು, ಗೇಟಿನವರೆಗೆ ತಂದು ಬಿಡುತ್ತಾನೆ. ನಿನ್ನ ಜೈಲಿನ ಕಾನೂನು ಬಂದರೆ ಮೊದಲು ಸಿಕ್ಕಿಬೀಳುವುದು ಇಂಥವರೇ. ನಂಬರ್ ಪ್ಲೇಟ್ ಕಾಣದಷ್ಟು ಜೋರಾಗಿ ದಾಟಿ ಹೋದ ಕಾರಿನವನನ್ನು ಯಾರು ಹಿಡಿಯುತ್ತಾರೆ? ಸಿಗುವವರು ನಿಂತವರು, ಪಕ್ಕದ ಟೀ ಅಂಗಡಿಯವರು. ಫ್ರಾನ್ಸ್‌ನಲ್ಲೂ ಇಂಥ ಕಾನೂನಿದೆ. 1997ರಲ್ಲಿ ಬ್ರಿಟನ್ನಿನ ರಾಜಕುಮಾರಿ ಡಯಾನಾ ಪ್ಯಾರಿಸ್ಸಿನಲ್ಲಿ ಕಾರು ಅಪಘಾತದಲ್ಲಿ ಸತ್ತಾಗ ಬೆನ್ನಟ್ಟಿದ್ದ ಫೋಟೋಗ್ರಾಫರ್‌ಗಳ ಮೇಲೆ ಸಹಾಯ ಮಾಡಲಿಲ್ಲವೆಂದು ತನಿಖೆಯೇನೋ ನಡೆಯಿತು. ಅವರು ಕ್ಯಾಮರಾ ಹಿಡಿದು ಅಲ್ಲೇ ನಿಂತಿದ್ದರು, ಅದಕ್ಕೇ ಸಿಕ್ಕರು. ನಮ್ಮೂರಿನಲ್ಲಿ ನಿಲ್ಲುವುದೇ ಅಪಾಯ ಅಂತಾದರೆ ಜನ ನಿಲ್ಲುವುದನ್ನೂ ಬಿಡುತ್ತಾರೆ.

ದುಡ್ಡಿನ ವಿಷಯ ಬೇರೆ. ದಾರಿಹೋಕನ ಒಳ್ಳೆಯತನದ ಮೇಲೆ ಆಸ್ಪತ್ರೆಯ ಬಿಲ್ಲನ್ನೂ ಹೇರಲಾಗದು. ಅದು ಸರ್ಕಾರದ ಪಾಲು. ಹರೀಶ್ ತೀರಿಕೊಂಡ ಮುಂದಿನ ತಿಂಗಳೇ ಅವರ ಹೆಸರಿನಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಬಂತು. ರಾಜ್ಯದ ರಸ್ತೆಯಲ್ಲಿ ಯಾರಿಗೇ ಅಪಘಾತವಾಗಲಿ, ಯಾವ ಊರಿನವರೇ ಆಗಲಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರ ಕೊಡುತ್ತದೆ ಅಂತ ಆಗ ಅದರಲ್ಲಿತ್ತು. 2025ರಲ್ಲಿ ಕೇಂದ್ರ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಘೋಷಿಸಿತು. ಕೌಂಟರಿನಲ್ಲಿ ಇದು ಸಲೀಸಾಗಿ ನಡೆದರೆ ‘ಅಡ್ವಾನ್ಸ್ ಯಾರು’ ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ಅಲ್ವಾ?

ಬಹುಮಾನದ ಬಗ್ಗೆ ಮಾತ್ರ ನನಗೆ ಇರಿಸುಮುರಿಸು. 2021ರಲ್ಲಿ ಕೇಂದ್ರ ಸರ್ಕಾರ ಜೀವ ಉಳಿಸಿದವರಿಗೆ 5,000 ರೂಪಾಯಿ ಕೊಡಲು ಶುರು ಮಾಡಿತು, 2025ರಲ್ಲಿ ಅದು 25,000 ಆಯಿತು. ದುಡ್ಡು ಬಂದ ಕಡೆ ಅನುಮಾನವೂ ಬರುತ್ತದೆ. ‘ದುಡ್ಡಿಗೋಸ್ಕರ ತಂದ’ ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ? ರಕ್ತದ ವಿಷಯದಲ್ಲಿ ಈ ಪಾಠ ನಾವು ಕಲಿತಾಗಿದೆ. ಹಣ ಪಡೆದು ರಕ್ತ ಕೊಡುವುದನ್ನು ನಿಲ್ಲಿಸಿ ಅಂತ ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು, 1998ರಿಂದ ಅದಕ್ಕೆ ನಿಷೇಧ ಬಂತು. ದುಡ್ಡಿಗಾಗಿ ಕೊಡುವವನು ತನ್ನ ಕಾಯಿಲೆ ಮುಚ್ಚಿಡುತ್ತಾನೆ ಅನ್ನುವುದು ದೊಡ್ಡ ಕಾರಣ. ಆದರೂ ಆ ಆಟೋದವರ ಒಂದು ದಿನದ ದುಡಿಮೆ ಹೋಯಿತಲ್ಲ, ಅದನ್ನು ತುಂಬಿಕೊಡುವುದು ಬೇರೆ ಮಾತು. ಅದಕ್ಕೆ ನನ್ನ ತಕರಾರಿಲ್ಲ. ಪ್ರಮಾಣಪತ್ರ, ಶಾಲು, ಫೋಟೋ ಇಲ್ಲದೆ ಸುಮ್ನೆ ಖಾತೆಗೆ ಹಾಕಿದರೆ ಸಾಕು.

ಈಗ ನನ್ನ ಹೊಟ್ಟೆಕಿಚ್ಚಿಗೆ ಬರುತ್ತೇನೆ. ಮೇಲಿನ ಎಲ್ಲ ಭಯ ಹೋದರೂ ಇನ್ನೊಂದು ಭಯ ಉಳಿಯುತ್ತದೆ, ಮುಟ್ಟುವ ಭಯ. ಬೆನ್ನುಮೂಳೆ ಮುರಿದವನನ್ನು ಹೇಗೆ ಎತ್ತಬೇಕು, ಹರಿಯುವ ರಕ್ತವನ್ನು ಹೇಗೆ ಒತ್ತಿ ಹಿಡಿಯಬೇಕು ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಲೈಸೆನ್ಸ್ ಕೊಡುವಾಗ ನಮಗೆ ಎಂಟರ ಆಕಾರದಲ್ಲಿ ಬೈಕ್ ಓಡಿಸಲು ಹೇಳುತ್ತಾರೆ, ಅಷ್ಟೇ. ನಿಮ್ಮ ದೇಶದ ಕಾನೂನಿನಲ್ಲಿ ನಾನು ಕದಿಯಬೇಕು ಅಂದುಕೊಂಡಿರುವುದು ಆ ತರಬೇತಿಯನ್ನು. ಜೈಲನ್ನು ನೀವೇ ಇಟ್ಟುಕೊಳ್ಳಿ.

ಮುಂದಿನ ಸಲ ರಜೆಗೆ ಬಂದಾಗ ಒಂದು ಮಧ್ಯಾಹ್ನ ನನಗೆ ಕೊಡು. ನಮ್ಮ ಬಡಾವಣೆಯ ಆಟೋ ಸ್ಟ್ಯಾಂಡಿನವರ ಹತ್ತಿರ ಮಾತಾಡಿದ್ದೇನೆ, ಮೂರು ಗಂಟೆ ಹೊತ್ತಿಗೆ ಬಾಡಿಗೆ ಕಮ್ಮಿಯಂತೆ. ನೀನು ಅಲ್ಲಿ ಕಲಿತದ್ದನ್ನು ಅವರಿಗೆ ತೋರಿಸು. ಬ್ಯಾಂಡೇಜು, ಗ್ಲೌಸು ನಾನು ತರುತ್ತೇನೆ. ಬರುವಾಗ ಅಲ್ಲಿ ಕಾರಿನಲ್ಲಿ ಕಡ್ಡಾಯ ಅಂತೀಯಲ್ಲ, ಆ ಡಬ್ಬಿ, ಅದನ್ನೊಂದು ತಗೊಂಡು ಬಾ, ಒಳಗೆ ಏನೇನಿದೆ ಅಂತ ನೋಡಬೇಕು.

ನಿನ್ನ
ಹಳೇ ಗೆಳೆಯ